ಲಾರಿ ರಸೀದಿಯ ಬೆನ್ನ ಮೇಲೆ ಏನಿದೆ, ಓದಿದ್ದೀರಾ?

(ಬೆಂಗಳೂರಿನಲ್ಲಿ ಒಂದು ಭಾನುವಾರ ಸೇರಿದ್ದ ಕನ್ನಡ ಯುವಕರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತು)



ನಾನು ಭಾಷಣ ಮಾಡುವವನಲ್ಲ. ಪ್ರೆಸ್ ಇಟ್ಟುಕೊಂಡಿರುವವನು. ಪಿಯುಸಿ ಮುಗಿಸಿ ಅಪ್ಪನ ಟ್ರೆಡಲ್ ಮೆಷಿನ್ ಮುಂದೆ ನಿಂತೆ, ಇವತ್ತಿಗೂ ಅಲ್ಲೇ ನಿಂತಿದ್ದೇನೆ. ಟ್ರೆಡಲ್ ಹೋಗಿ ಆಫ್‌ಸೆಟ್ ಬಂತು, ಮೊಳೆ ಜೋಡಿಸುವುದು ಹೋಗಿ ಕಂಪ್ಯೂಟರ್ ಬಂತು, ಅಷ್ಟೇ ವ್ಯತ್ಯಾಸ. ನಿಮ್ಮ ರಾಜ್ಯೋತ್ಸವದ ಪೋಸ್ಟರು, ಕರಪತ್ರ, ಚಂದಾ ಪುಸ್ತಕ ಹೊಡೆದುಕೊಟ್ಟವನು ನಾನೇ. ಅದರ ಬಾಕಿ ಇನ್ನೂ ಇದೆ. ಆ ಮಾತು ಇವತ್ತು ಎತ್ತುವುದಿಲ್ಲ, ಹೆದರಬೇಡಿ.

ಇವತ್ತು ಎತ್ತುವುದು ಬೇರೆ ಬಾಕಿ. ನಮ್ಮ ಜನ ಹೂವು, ತರಕಾರಿ, ಹಣ್ಣು, ಮೀನು ಲಾರಿಗೆ ಹಾಕಿ ಕಳಿಸುತ್ತಾರೆ. ಗಾಡಿ ತಡವಾಗಿ ಹೋಗುತ್ತದೆ. ಮಾಲು ಕೊಳೆಯುತ್ತದೆ. ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋಗಿ ಕೇಳಿದರೆ ಅವನು ರಸೀದಿಯನ್ನು ಮಗುಚಿ ತೋರಿಸುತ್ತಾನೆ. ನಮ್ಮವರು ತಲೆ ತಗ್ಗಿಸಿ ವಾಪಸು ಬರುತ್ತಾರೆ. ಹೀಗೆ ಕೇಳದೇ ಬಿಟ್ಟ ಹಣ, ಕೇಳಲು ಗೊತ್ತಿಲ್ಲದೇ ಬಿಟ್ಟ ಹಣ, ಅದು ನಮ್ಮ ಬಾಕಿ. ಅದನ್ನು ವಸೂಲು ಮಾಡುವುದು ಹೇಗೆ ಅಂತ ಹೇಳಲು ಬಂದಿದ್ದೇನೆ.

ಇದನ್ನು ಹೇಳಲು ಇವನಿಗೇನು ಹಕ್ಕು ಅಂತ ಕೇಳಬಹುದು. ಹಕ್ಕು ಇಲ್ಲ, ಪಾಪ ಇದೆ. ಆ ರಸೀದಿ ಹೊಡೆಯುವವನೇ ನಾನು!

ನಾನು ಹೊಡೆದ ರಸೀದಿ

ಟ್ರಾನ್ಸ್‌ಪೋರ್ಟ್ ಆಫೀಸುಗಳ ಎಲ್.ಆರ್. ಪುಸ್ತಕ ನಮ್ಮಂಥ ಪ್ರೆಸ್‌ಗಳಿಗೆ ಅನ್ನ. ಬಿಲ್ಟಿ ಅಂತಲೂ ಕರೆಯುತ್ತಾರೆ. ಒಂದೊಂದು ನಂಬರಿಗೆ ಮೂರು ಪ್ರತಿ, ಮೂರು ಬಣ್ಣ. ಮುಂದುಗಡೆ ಕಂಪನಿ ಹೆಸರು ದಪ್ಪ ಅಕ್ಷರದಲ್ಲಿ, ಗಣಪತಿ ಚಿತ್ರ, ಫೋನ್ ನಂಬರು. ಹಿಂದುಗಡೆ ಷರತ್ತುಗಳು. ಅವು ಇಂಗ್ಲಿಷಿನಲ್ಲಿ, ಆರು ಪಾಯಿಂಟಿನ ಅಕ್ಷರದಲ್ಲಿ, ತೆಳು ಬೂದು ಶಾಯಿಯಲ್ಲಿ ಇರುತ್ತವೆ. ಬೂದು ಶಾಯಿ ಯಾಕೆ ಅಂದರೆ, ಕಪ್ಪು ಶಾಯಿ ಆದರೆ ಮುಂದುಗಡೆಗೆ ಮೂಡುತ್ತದೆ ಅಂತ ಗಿರಾಕಿಗಳು ಹೇಳುತ್ತಾರೆ. ಕಾರಣ ಏನೇ ಇರಲಿ, ಕನ್ನಡಕ ಹಾಕಿಕೊಂಡರೂ ಓದಲಾಗುವುದಿಲ್ಲ. ಎಷ್ಟೋ ವರ್ಷ ನಾನೂ ಓದಲಿಲ್ಲ. ಹಳೇ ಫೈಲು ತೆಗೆದು ಹೆಸರು ಬದಲಾಯಿಸಿ ಪ್ಲೇಟ್ ಮಾಡಿಸುವುದು, ಹೊಡೆಯುವುದು, ನಂಬರು ಹಾಕುವುದು, ಪಿನ್ನು ಬಡಿಯುವುದು, ಕಳಿಸುವುದು.

ಓದಿದ್ದು 2022ರ ದಸರಾ ಆದ ಮೇಲೆ.

ನಮ್ಮ ಅಕ್ಕನನ್ನು ಚಿಕ್ಕಬಳ್ಳಾಪುರದ ಕಡೆ ಒಂದು ಹಳ್ಳಿಗೆ ಕೊಟ್ಟಿದೆ. ಭಾವ ಸೇವಂತಿಗೆ ಬೆಳೆಯುತ್ತಾರೆ. ಆ ಕಡೆಯವರು ಹಬ್ಬಕ್ಕೆ ಹೂವನ್ನು ಹೈದರಾಬಾದಿನ ಗುಡಿಮಲ್ಕಾಪುರ ಮಾರುಕಟ್ಟೆಗೂ ಕಳಿಸುತ್ತಾರೆ. ಸಂಜೆ ಲಾರಿಗೆ ಹಾಕಿದರೆ ಬೆಳಗಿನ ಜಾವದ ವ್ಯಾಪಾರಕ್ಕೆ ಸಿಗಬೇಕು. ಅಕ್ಟೋಬರ್ 3ರ ಸಂಜೆ ಭಾವ 40 ಮೂಟೆ ಹಾಕಿದರು, ಒಟ್ಟು 1,000 ಕೆ.ಜಿ. ಬಾಡಿಗೆ ಕೆ.ಜಿ.ಗೆ 4 ರೂಪಾಯಿಯಂತೆ 4,000 ರೂಪಾಯಿ. 5ನೇ ತಾರೀಕು ವಿಜಯದಶಮಿ. 4ರ ಬೆಳಗಿನ ಜಾವ ಮಾಲು ಇಳಿಯಬೇಕಿತ್ತು.

ಇಳಿದಿದ್ದು 5ರ ಮಧ್ಯಾಹ್ನ 3 ಗಂಟೆಗೆ. ಹಬ್ಬದ ಪೂಜೆ ಮುಗಿದು ಜನ ಊಟ ಮಾಡಿ ಮಲಗಿದ ಹೊತ್ತಿಗೆ! ಲಾರಿ ಕೆಟ್ಟಿರಲಿಲ್ಲ, ಅಪಘಾತ ಆಗಿರಲಿಲ್ಲ. ದಾರಿಯಲ್ಲಿ ಇನ್ನೊಂದು ಲೋಡು ತುಂಬಿಕೊಳ್ಳಲು ಒಂದು ಗೋಡೌನಿನ ಮುಂದೆ ನಿಲ್ಲಿಸಿದ್ದರು. ಟಾರ್ಪಾಲಿನ ಕೆಳಗೆ ಮೂಟೆಯೊಳಗೆ ಹೂವು ಕಾವು ಹಿಡಿದು ಬೆಂದು ಹೋಗಿತ್ತು. ಪಕ್ಕದ ತೋಟದವರ ಅದೇ ಜಾತಿ ಹೂವು ಬೇರೆ ಗಾಡಿಯಲ್ಲಿ ಸಮಯಕ್ಕೆ ಹೋಗಿ ಕೆ.ಜಿ.ಗೆ 110 ರೂಪಾಯಿಗೆ ಮಾರಾಟವಾಗಿತ್ತು. ನಮ್ಮ ಭಾವನ ಹೂವಿಗೆ ಸಿಕ್ಕಿದ್ದು 20 ರೂಪಾಯಿ. ಲೆಕ್ಕ ಹಾಕಿ: ಬರಬೇಕಿದ್ದುದು 1,10,000, ಬಂದಿದ್ದು 20,000. ನಷ್ಟ 90,000.

ಭಾವ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಹೋದರು. ಜೊತೆಗೆ ನಾನೂ ಹೋದೆ. ಅಲ್ಲಿದ್ದವನು ಜೋರು ಮಾಡಲಿಲ್ಲ, ಬೈಯಲಿಲ್ಲ. ರಸೀದಿ ಮಗುಚಿದ. ಒಂದು ಸಾಲಿನ ಮೇಲೆ ಬೆರಳಿಟ್ಟ. "ತಡವಾದರೆ, ಕೆಟ್ಟರೆ ಕಂಪನಿ ಹೊಣೆಯಲ್ಲ, ಮಾಲು ಮಾಲೀಕನ ಜವಾಬ್ದಾರಿಯ ಮೇಲೆ" ಅಂತ ಇಂಗ್ಲಿಷಿನಲ್ಲಿತ್ತು. "ನೀವೇ ಸೈನ್ ಮಾಡಿದ್ದೀರಲ್ಲ ಯಜಮಾನರೇ" ಅಂದ.

ರಸೀದಿಯ ಕೆಳಗಡೆ ಅಂಚಿನಲ್ಲಿ ಹೊಡೆದ ಪ್ರೆಸ್ಸಿನ ಹೆಸರು ಇರುತ್ತದೆ. ನನ್ನ ಪ್ರೆಸ್ಸಿನ ಹೆಸರೇ ಇತ್ತು. ಭಾವ ನೋಡಿದರು. ಏನೂ ಅನ್ನಲಿಲ್ಲ. ಬಸ್ಸಿನಲ್ಲಿ ಬರುವಾಗ ಮಾತ್ರ ಕೇಳಿದರು: "ಇದನ್ನ ಕನ್ನಡದಲ್ಲಿ ಹೊಡೆದಿದ್ರೆ ಶಾಯಿ ಜಾಸ್ತಿ ಆಗ್ತಿತ್ತೇನೋ?"

ಆ ಮಾತಿಗೆ ಉತ್ತರ ಹುಡುಕಲು ಹೋಗಿ ಕಲಿತದ್ದನ್ನು ಈಗ ನಿಮ್ಮ ಮುಂದೆ ಇಡುತ್ತೇನೆ. ನಮ್ಮ ಪ್ರೆಸ್ಸಿನಲ್ಲಿ ಲೆಟರ್‌ಹೆಡ್ ಹೊಡೆಸುವ ವಕೀಲರೊಬ್ಬರು ಕೂರಿಸಿಕೊಂಡು ಹೇಳಿಕೊಟ್ಟರು.

ಹಿಂದುಗಡೆ ಇರುವುದೆಲ್ಲ ಕಾನೂನಲ್ಲ

ಮೊದಲ ಪಾಠ. ರಸೀದಿಯ ಹಿಂದೆ ಅಚ್ಚಾದ ಮಾತ್ರಕ್ಕೆ ಅದು ಕಾನೂನಾಗುವುದಿಲ್ಲ. ಅಚ್ಚು ಹಾಕುವವನಾಗಿ ಹೇಳುತ್ತೇನೆ, ದುಡ್ಡು ಕೊಟ್ಟರೆ ಏನು ಬೇಕಾದರೂ ಅಚ್ಚು ಹಾಕುತ್ತೇವೆ.

ಕಾನೂನು ಬೇರೆ ಇದೆ. ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆ, 2007. ಜಾರಿಗೆ ಬಂದದ್ದು 2011ರ ಮಾರ್ಚ್ 1ಕ್ಕೆ. ಅದಕ್ಕೆ ಮೊದಲು ಇದ್ದುದು ಬ್ರಿಟಿಷರ ಕಾಲದ 1865ರ ಕಾಯ್ದೆ. ಹತ್ತು ಜನರ ಮಾಲು ಕೂಡಿಹಾಕಿ ಬಾಡಿಗೆಗೆ ಸಾಗಿಸುವ ಟ್ರಾನ್ಸ್‌ಪೋರ್ಟ್ ಕಂಪನಿಗಳು ಈ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಮಾಲು ಅವರ ಕೈಸೇರಿದ ಮೇಲೆ ಕೆಟ್ಟರೆ, ಕಳೆದರೆ, ಹೊಣೆ ಅವರದೇ. "ನನ್ನದಾಗಲೀ ನನ್ನ ಆಳಿನದಾಗಲೀ ತಪ್ಪಿಲ್ಲ" ಅಂತ ತೋರಿಸಬೇಕಾದವನು ಸಾಗಣೆದಾರ. ಕಾಯ್ದೆಯ 10ನೇ ಕಲಂ ಇದನ್ನೇ ಹೇಳುತ್ತದೆ.

"ಮಾಲೀಕನ ಜವಾಬ್ದಾರಿ" ಅಂತ ರಸೀದಿಯಲ್ಲಿ ಅಚ್ಚಾಗಿದ್ದರೆ? ಹಳೇ ಕಾಯ್ದೆ ಇದ್ದಾಗಲೇ, 2000ನೇ ಇಸವಿಯಲ್ಲಿ, ಸುಪ್ರೀಂ ಕೋರ್ಟ್ ಹೇಳಿದೆ: ಆ ಎರಡು ಪದ ಬರೆದುಕೊಂಡ ಮಾತ್ರಕ್ಕೆ ಸಾಗಣೆದಾರ ತನ್ನ ಅಜಾಗರೂಕತೆಯ ಹೊಣೆಯಿಂದ ಪಾರಾಗುವುದಿಲ್ಲ. ಅದೇ ವರ್ಷದ ಇನ್ನೊಂದು ತೀರ್ಪಿನಲ್ಲಿ, ಗ್ರಾಹಕರ ನ್ಯಾಯಾಲಯಕ್ಕೆ ಹೋದರೂ ಅಜಾಗರೂಕತೆ ಇರಲಿಲ್ಲವೆಂದು ತೋರಿಸುವ ಭಾರ ಸಾಗಣೆದಾರನ ಮೇಲೇ ಇದೆ ಅಂದಿದೆ.

ಅಂದರೆ, ಆ ಆಫೀಸಿನವನು ಬೆರಳಿಟ್ಟ ಸಾಲು ನಮ್ಮ ಬಾಯಿ ಮುಚ್ಚಿಸುವಷ್ಟು ಗಟ್ಟಿಯಾಗಿರಲಿಲ್ಲ. ಓದಲು ಬಾರದ ನಮ್ಮ ಹೆದರಿಕೆಯೇ ಅದನ್ನು ಗಟ್ಟಿ ಮಾಡಿತ್ತು.

ಹತ್ತು ಪಟ್ಟು ಬಾಡಿಗೆಯ ಗುಟ್ಟು

ಎರಡನೇ ಪಾಠ ಸ್ವಲ್ಪ ಕಹಿ. ಸರಿಯಾಗಿ ಕೇಳಿ.

ಕಾಯ್ದೆ ಹೊಣೆ ಹೊರಿಸಿದೆ, ಆದರೆ ಅದಕ್ಕೆ ಒಂದು ಮಿತಿಯನ್ನೂ ಹಾಕಿದೆ. 2011ರ ನಿಯಮದ ಪ್ರಕಾರ ಸಾಗಣೆದಾರ ಕೊಡಬೇಕಾದ ಪರಿಹಾರ ಬಾಡಿಗೆಯ ಹತ್ತು ಪಟ್ಟು ಮೀರುವುದಿಲ್ಲ. ಅದೂ ನೀವು ಬರೆದುಕೊಟ್ಟ ಮಾಲಿನ ಬೆಲೆಗಿಂತ ಹೆಚ್ಚು ಆಗುವಂತಿಲ್ಲ. ನಮ್ಮ ಭಾವನ ಬಾಡಿಗೆ 4,000. ಹತ್ತು ಪಟ್ಟು 40,000. ನಷ್ಟ 90,000 ಆದರೂ ಈ ಕಾಯ್ದೆಯಲ್ಲಿ ಗಡಿ 40,000ಕ್ಕೆ ನಿಂತಿತು.

ಗಡಿ ದಾಟಲು ದಾರಿ ಇದೆ. ಮಾಲು ಕೊಡುವಾಗಲೇ ಅದರ ಬೆಲೆ ಬರೆದು, ಹೆಚ್ಚಿನ ಅಪಾಯದ ದರ ಕೊಡುತ್ತೇನೆ ಅಂತ ಒಪ್ಪಿ, ಆ ದರ ಕಟ್ಟಬೇಕು. ಆಗ ಹೊಣೆಯೂ ಏರುತ್ತದೆ. ಹಬ್ಬದ ಲೋಡಿಗೆ ಇದು ಲಾಭವೋ ನಷ್ಟವೋ ಅಂತ ಪ್ರತಿಯೊಬ್ಬರೂ ತಮ್ಮ ಲೆಕ್ಕ ಹಾಕಿಕೊಳ್ಳಬೇಕು. ಆದರೆ ಹಾಗೊಂದು ದರ ಇದೆ ಅಂತಲೇ ನಮ್ಮವರಿಗೆ ಯಾರೂ ಹೇಳುವುದಿಲ್ಲ.

ಇದಕ್ಕಿಂತ ದೊಡ್ಡ ಗುಂಡಿ ಇನ್ನೊಂದಿದೆ. ಮಾಲು ಒಪ್ಪಿಸುವಾಗ ಕಳಿಸುವವನು ಒಂದು ಚೀಟಿ ತುಂಬಿಕೊಡಬೇಕು ಅಂತ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಅದರಲ್ಲಿ ಮಾಲಿನ ವಿವರ, ಬೆಲೆ ಎಲ್ಲ ಬರುತ್ತದೆ. ತಡವಾದರೆ ಎಷ್ಟು ಅವಧಿಯವರೆಗೆ ಒಪ್ಪಿಗೆ ಅಂತಲೂ ಅಲ್ಲಿ ಇಬ್ಬರೂ ಸೇರಿ ಬರೆಯಬಹುದು. ಆ ಅವಧಿಯೊಳಗೆ ಆದ ತಡದ ನಷ್ಟಕ್ಕೆ ಪರಿಹಾರ ಬಾಡಿಗೆಯಷ್ಟು ಮಾತ್ರ! ಅವಧಿ ಮೀರಿದರೆ ಮೇಲೆ ಹೇಳಿದ ಹತ್ತು ಪಟ್ಟಿನ ಲೆಕ್ಕ. ಆಫೀಸಿನ ಹುಡುಗ ಅಲ್ಲಿ "ಏಳು ದಿನ" ಅಂತ ಬರೆದು, ನಿಮ್ಮ ಭಾವನೋ ಮಾವನೋ ಕೆಳಗೆ ಸಹಿ ಹಾಕಿದರೆ ಏನಾಯಿತು? ಏಳು ದಿನ ತಡವಾದ ಸೇವಂತಿಗೆಗೆ 4,000 ರೂಪಾಯಿ. ಕಬ್ಬಿಣಕ್ಕೆ ಏಳು ದಿನ ಸರಿ. ಹೂವಿಗೆ ಗಂಟೆಯ ಲೆಕ್ಕ ಬರೆಯಬೇಕು.

ಕಾಯ್ದೆಯೇ ಬೇಕೆಂದಿರುವ ಈ ಚೀಟಿ ತುಂಬಿದ ರೈತರನ್ನು ನಾನು ಕಂಡಿಲ್ಲ. ರಸೀದಿ ಇಸಕೊಂಡು ಜೇಬಿಗೆ ತುರುಕಿಕೊಳ್ಳುತ್ತಾರೆ. ಭಾವನೂ ಅಷ್ಟೇ ಮಾಡಿದ್ದು.

ಲೋಡು ಹಾಕುವ ಮೊದಲು

ಹಾಗಾದರೆ ಏನು ಬರೆಯಬೇಕು? 1872ರ ಕರಾರು ಕಾಯ್ದೆಯ 73ನೇ ಕಲಂನಲ್ಲಿ ಒಂದು ಉದಾಹರಣೆ ಇದೆ. ಒಬ್ಬನ ಗಿರಣಿ ಒಂದು ಯಂತ್ರವಿಲ್ಲದೆ ನಿಂತಿದೆ. ಅವನು ಯಂತ್ರವನ್ನು ಸಾಗಣೆದಾರನಿಗೆ ಕೊಡುವಾಗ "ತಡ ಮಾಡಬೇಡ, ಇದಿಲ್ಲದೆ ನನ್ನ ಗಿರಣಿ ನಿಂತಿದೆ" ಅಂತ ತಿಳಿಸುತ್ತಾನೆ. ಸಾಗಣೆದಾರ ತಡ ಮಾಡುತ್ತಾನೆ. ಆಗ ಗಿರಣಿ ನಿಂತದ್ದರಿಂದ ತಪ್ಪಿದ ಸಾಧಾರಣ ಲಾಭಕ್ಕೂ ಅವನು ಹೊಣೆ. ಇದರ ಜೀವಾಳ ಒಂದೇ ಮಾತು: *ತಿಳಿಸಿದ್ದ*. ಹಬ್ಬ ಯಾವತ್ತು, ಮಾರುಕಟ್ಟೆ ಎಷ್ಟು ಹೊತ್ತಿಗೆ, ತಡವಾದರೆ ಏನಾಗುತ್ತದೆ ಅಂತ ನೀವು ತಿಳಿಸಿರಬೇಕು. ತಿಳಿಸಿದ್ದಕ್ಕೆ ಗುರುತು ಇರಬೇಕು. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ.

ಇದನ್ನು ಕನ್ನಡದಲ್ಲೇ ಬರೆಯಬಹುದು. ಕರಾರನ್ನು ಇಂಗ್ಲಿಷಿನಲ್ಲೇ ಬರೆಯಬೇಕು ಅಂತ ಕರಾರು ಕಾಯ್ದೆ ಎಲ್ಲೂ ಹೇಳಿಲ್ಲ. ನಾನೀಗ ಪ್ರೆಸ್ಸಿನಲ್ಲಿ ಒಂದು ಚೀಟಿ ಹೊಡೆದು ಇಟ್ಟಿದ್ದೇನೆ. ಹನ್ನೆರಡು ಪಾಯಿಂಟ್ ಅಕ್ಷರ, ಕಪ್ಪು ಶಾಯಿ. ಬರೆದುಕೊಳ್ಳುವವರು ಬರೆದುಕೊಳ್ಳಿ:

"ಈ ಮಾಲು ಬೇಗ ಕೆಡುವ ಸರಕು. ಮಾಲಿನ ಹೆಸರು, ಮೂಟೆ ಲೆಕ್ಕ, ತೂಕ ಇಷ್ಟು. ಇಂದಿನ ಬೆಲೆ ರೂ. ಇಷ್ಟು. ಲೋಡು ಆದ ಸಮಯ ಇಷ್ಟು ಗಂಟೆ. ಇಂಥ ತಾರೀಕು ಬೆಳಿಗ್ಗೆ ಇಷ್ಟು ಗಂಟೆಯೊಳಗೆ ಇಂಥ ಮಾರುಕಟ್ಟೆಗೆ ತಲುಪಬೇಕು. ತಡವಾದರೆ ಮಾಲು ಕೆಟ್ಟು ಬೆಲೆ ಬೀಳುತ್ತದೆಂದು ತಿಳಿಸಿದ್ದೇನೆ. ಇಷ್ಟು ಗಂಟೆಗಿಂತ ಹೆಚ್ಚಿನ ತಡಕ್ಕೆ ನನ್ನ ಒಪ್ಪಿಗೆ ಇಲ್ಲ."

ಕೆಳಗೆ ಕಳಿಸುವವನ ಸಹಿ, ಆಫೀಸಿನವನ ಸಹಿ, ಸೀಲು. ಎರಡು ಪ್ರತಿ. ಅವನು ಸಹಿ ಹಾಕಲು ಒಪ್ಪದಿದ್ದರೆ ಗಲಾಟೆ ಬೇಡ. ಚೀಟಿಯ ಫೋಟೋ ತೆಗೆದು ಅವನ ವಾಟ್ಸಾಪಿಗೆ ಅಲ್ಲೇ ನಿಂತು ಕಳಿಸಿ. ನಮ್ಮ ಭಾವನ ಕೇಸಿನಲ್ಲಿ ಕೈಹಿಡಿದದ್ದು ಅಂಥದ್ದೇ ಒಂದು ಸಂದೇಶ. "ನಾಲ್ಕು ಗಂಟೆಗೆಲ್ಲ ಮಾರ್ಕೆಟ್‌ನಲ್ಲಿ ಇರುತ್ತೆ, ಚಿಂತೆ ಮಾಡಬೇಡಿ" ಅಂತ ಬುಕಿಂಗ್ ಹುಡುಗ ಭಾವನ ಮಗಳಿಗೆ ಮೆಸೇಜು ಹಾಕಿದ್ದ.

ಜೊತೆಗೆ ರಸೀದಿಯ ಅಸಲು ಪ್ರತಿ ನಿಮ್ಮ ಕೈಯಲ್ಲೇ ಇರಲಿ. ಕಂಪನಿಯ ನೋಂದಣಿ ನಂಬರು ಅದರ ಮೇಲೆ ಇದೆಯಾ ನೋಡಿ. ಲೋಡು ಹಾಕುವಾಗ ಮಾಲಿನ ಫೋಟೋ, ಲಾರಿ ನಂಬರಿನ ಫೋಟೋ ತೆಗೆಯಿರಿ.

ಮಾಲು ತಲುಪಿದ ದಿನ

ಕಬ್ಬಿಣದ ಕೇಸಾದರೆ ಒಂದು ತಿಂಗಳು ಬಿಟ್ಟು ಹೋಗಿ ಮಾಲು ತೋರಿಸಬಹುದು. ಹೂವಿನ ಕೇಸಿನಲ್ಲಿ ಸಾಕ್ಷಿಯೇ ಕೊಳೆಯುತ್ತದೆ. ಆದ್ದರಿಂದ ಆ ದಿನವೇ ಕೆಲಸ ಮುಗಿಸಬೇಕು.

ಡ್ರೈವರಿನ ಹತ್ತಿರ ಇರುವ ಪ್ರತಿಯ ಮೇಲೆ ಗಾಡಿ ತಲುಪಿದ ತಾರೀಕು, ಗಂಟೆ, ಮಾಲಿನ ಸ್ಥಿತಿ ಬರೆದು ಸಹಿ ಹಾಕಿ. ಅದರ ಫೋಟೋ ತೆಗೆಯಿರಿ. ಅಲ್ಲಿ ನೀವಿಲ್ಲದಿದ್ದರೆ ಮಾಲು ಬಿಡಿಸಿಕೊಳ್ಳುವ ಮಂಡಿಯವನ ಕೈಯಲ್ಲಿ ಬರೆಸಿ. ಮೂಟೆ ಬಿಚ್ಚುವಾಗ ವಿಡಿಯೋ ಮಾಡಿಸಿ. ಆಫೀಸಿನವರಿಗೆ ಫೋನು ಮಾಡಿ, "ಬಂದು ನೋಡಿ" ಅಂತ ಮೆಸೇಜೂ ಹಾಕಿ. ಬಂದರೆ ಸರಿ, ಬಾರದಿದ್ದರೆ ಕರೆದದ್ದೇ ಸಾಕ್ಷಿ.

ಸಿಟ್ಟಿನಲ್ಲಿ "ಈ ಮಾಲು ನನಗೆ ಬೇಡ, ನೀವೇ ಇಟ್ಟುಕೊಳ್ಳಿ" ಅಂತ ಬಿಟ್ಟು ಬರಬೇಡಿ. ಇದು ತುಂಬಾ ಜನ ಮಾಡುವ ತಪ್ಪು. ನಷ್ಟ ಕಡಿಮೆ ಮಾಡಲು ನೀವು ಏನು ಮಾಡಿದಿರಿ ಅಂತಲೂ ಕಾನೂನು ಕೇಳುತ್ತದೆ. ಅಲ್ಲದೆ ಕೆಡುವ ಮಾಲನ್ನು ಬಿಡಿಸಿಕೊಳ್ಳದಿದ್ದರೆ, ನೋಟಿಸು ಕೊಟ್ಟು 24 ಗಂಟೆ ಆದ ಮೇಲೆ ವಾರಸುದಾರರಿಲ್ಲದ ಮಾಲು ಅಂತ ಲೆಕ್ಕ ಹಿಡಿಯಲು ಸಾಗಣೆದಾರನಿಗೆ ಅವಕಾಶ ಇದೆ. ಬಂದಷ್ಟಕ್ಕೆ ಮಾರಿಸಿ, ಮಂಡಿಯ ಪಟ್ಟಿ ಇಸಕೊಳ್ಳಿ. ಅದೇ ಮಾರುಕಟ್ಟೆಯಲ್ಲಿ ಸಮಯಕ್ಕೆ ಬಂದ ಅದೇ ಮಾಲಿಗೆ ಸಿಕ್ಕ ದರದ ಪಟ್ಟಿಯನ್ನೂ ಸಂಪಾದಿಸಿ. ಈ ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವೇ ನಿಮ್ಮ ನಷ್ಟ. ಭಾವನಿಗೆ ಪಕ್ಕದ ತೋಟದವರು ತಮ್ಮ ಪಟ್ಟಿ ಕೊಟ್ಟರು. ಅದಿಲ್ಲದಿದ್ದರೆ 110 ರೂಪಾಯಿ ಅಂತ ಹೇಳಲು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಲಾರಿ ಎಲ್ಲಿ ನಿಂತಿತ್ತು ಅಂತ ತೋರಿಸುವುದು ಹೇಗೆ? ಈಗ ಟೋಲ್‌ಗೇಟಿನಲ್ಲಿ ಫಾಸ್ಟ್ಯಾಗ್ ಇದೆ. ಯಾವ ಗೇಟು ಎಷ್ಟು ಗಂಟೆಗೆ ದಾಟಿತು ಅಂತ ಲಾರಿಯವನ ಖಾತೆಯಲ್ಲಿ ಕೂತಿರುತ್ತದೆ. ಆ ವಿವರ ಕೊಡಿ ಅಂತ ನೋಟಿಸಿನಲ್ಲೇ ಕೇಳಿ. ನಾವು ಕೇಳಿದೆವು. ಕೇಳಿದ ಮೇಲೆ ಆಫೀಸಿನವರ ಮಾತಿನ ಧಾಟಿಯೇ ಬದಲಾಯಿತು.

ನೋಟಿಸಿಗೆ ಗಡುವು ಇದೆ

ಕಾಯ್ದೆಯ 16ನೇ ಕಲಂ. ಮಾಲು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಸಾಗಣೆದಾರನಿಗೆ ಲಿಖಿತ ನೋಟಿಸು ಮುಟ್ಟಬೇಕು. ಮುಟ್ಟದಿದ್ದರೆ ದಾವೆ ಹೂಡುವ ಹಾಗಿಲ್ಲ. ತಲುಪಿದ ದಿನದಿಂದ ಅಲ್ಲ, ಬುಕ್ ಮಾಡಿದ ದಿನದಿಂದ. ಭಾವನ ಗಡುವು 2023ರ ಏಪ್ರಿಲ್ 1ಕ್ಕೆ ಮುಗಿಯುತ್ತಿತ್ತು. "ನೋಡೋಣ, ಓನರ್ ಬರಲಿ, ಸಂಕ್ರಾಂತಿ ಕಳೀಲಿ" ಅಂತ ಆಫೀಸಿನವರು ಮೂರು ತಿಂಗಳು ದೂಡಿದ್ದರು. ಹೀಗೆ ದೂಡುವುದರಲ್ಲೇ ಎಷ್ಟೋ ಜನರ ಗಡುವು ಕಳೆದುಹೋಗುತ್ತದೆ. ನಾವು ಜನವರಿ ಕೊನೆಯಲ್ಲಿ ಸ್ಪೀಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿದೆವು.

ನೋಟಿಸಿಗೆ ದೊಡ್ಡ ಭಾಷೆ ಬೇಕಿಲ್ಲ. ರಸೀದಿ ನಂಬರು, ತಾರೀಕು, ಮಾಲು, ತಲುಪಬೇಕಿದ್ದ ಹೊತ್ತು, ತಲುಪಿದ ಹೊತ್ತು, ಎರಡು ಪಟ್ಟಿಗಳ ಲೆಕ್ಕ, ಕೇಳುವ ಮೊತ್ತ, ಉತ್ತರಕ್ಕೆ ಒಂದು ಗಡುವು. ಇಷ್ಟು ಸಾಕು.

ಉತ್ತರ ಬಾರದಿದ್ದರೆ ಮೂರು ಬಾಗಿಲುಗಳಿವೆ. ಒಂದು, ಖಾಯಂ ಜನತಾ ನ್ಯಾಯಾಲಯ. ಸರಕು ಸಾಗಣೆಯೂ ಅದರ ವ್ಯಾಪ್ತಿಗೆ ಬರುತ್ತದೆ. ಒಂದು ಕೋಟಿ ರೂಪಾಯಿವರೆಗಿನ ತಕರಾರು ಕೇಳುತ್ತದೆ, ಕೋರ್ಟ್ ಶುಲ್ಕ ಇಲ್ಲ. ಬೇರೆ ಕೋರ್ಟಿಗೆ ಹೋಗುವ ಮೊದಲೇ ಅಲ್ಲಿಗೆ ಹೋಗಬೇಕು. ರಾಜಿ ಆಗದಿದ್ದರೆ ಅದೇ ತೀರ್ಪು ಕೊಡಬಹುದು. ನಿಮ್ಮ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ಎರಡು, ಜಿಲ್ಲಾ ಗ್ರಾಹಕರ ಆಯೋಗ. ಬರೀ ವ್ಯಾಪಾರದ ಲಾಭಕ್ಕೆ ಪಡೆದ ಸೇವೆಗೆ ಅಲ್ಲಿ ಜಾಗವಿಲ್ಲ, ಆದರೆ ತನ್ನ ದುಡಿಮೆಯಿಂದ ಹೊಟ್ಟೆ ಹೊರೆಯುವವನಿಗೆ ಇದೆ. ಎರಡು ವರ್ಷದೊಳಗೆ ಹೋಗಬೇಕು. 2019ರ ಕಾಯ್ದೆ ಬಂದ ಮೇಲೆ ನೀವು ವಾಸವಿರುವ ಊರಿನ ಆಯೋಗಕ್ಕೇ ದೂರು ಕೊಡಬಹುದು. "ಎಲ್ಲ ವ್ಯಾಜ್ಯ ಇಂಥ ದೂರದೂರಿನ ಕೋರ್ಟಿಗೆ" ಅಂತ ರಸೀದಿಯ ಹಿಂದೆ ಇದ್ದರೂ ದೂರು ಕೊಡಲು ಹೆದರಬೇಡಿ. ಮೂರು, ಸಿವಿಲ್ ಕೋರ್ಟು. ಮಾಲು ತಲುಪಬೇಕಿದ್ದ ದಿನದಿಂದ ಮೂರು ವರ್ಷ.

ಭಾವನ ಕೇಸು ಬಾಗಿಲವರೆಗೆ ಹೋಗಲಿಲ್ಲ. ನೋಟಿಸು ಹೋದ ಮೇಲೆ ಅವರೇ ಕರೆದರು. ಎರಡು ಸುತ್ತು ಮಾತಾಯಿತು. 32,000ಕ್ಕೆ ಮುಗಿಯಿತು. 90,000 ಹೋದ ಜಾಗದಲ್ಲಿ 32,000. ಗೆದ್ದೆವು ಅಂತ ನಾನು ಹೇಳುವುದಿಲ್ಲ. ಬೆಲೆ ಬರೆದು ಹೆಚ್ಚಿನ ದರ ಕಟ್ಟಿರಲಿಲ್ಲ, ಅದು ನಮ್ಮ ತಪ್ಪು. ಆದರೆ ಮೊದಲ ದಿನ ಅದೇ ಆಫೀಸಿನಲ್ಲಿ ನಮಗೆ ಸಿಕ್ಕಿದ್ದು ಸೊನ್ನೆ. ಸೊನ್ನೆಗೂ 32,000ಕ್ಕೂ ನಡುವೆ ಇದ್ದದ್ದು ಒಂದಿಷ್ಟು ಓದು, ಅಷ್ಟೇ.

ರೈಲು, ವಿಮಾನ, ವಿಮೆ

ಇವನ್ನು ಚುಟುಕಾಗಿ ಹೇಳುತ್ತೇನೆ. ರೈಲಿನಲ್ಲಿ ಕಳಿಸಿದರೆ 1989ರ ರೈಲ್ವೆ ಕಾಯ್ದೆ. ತಡದಿಂದಲೇ ಕೆಟ್ಟಿತು ಅಂತ ನೀವು ತೋರಿಸಬೇಕು, ತಡಕ್ಕೆ ತಮ್ಮ ಅಜಾಗರೂಕತೆ ಕಾರಣವಲ್ಲ ಅಂತ ರೈಲ್ವೆ ತೋರಿಸಬೇಕು. ಮಾಲು ಜಖಂ ಆಗಿ ಬಂದಿದ್ದರೆ "ತೆರೆದು ತೋರಿಸಿ ಡೆಲಿವರಿ ಕೊಡಿ" ಅಂತ ಕೇಳುವ ಹಕ್ಕಿದೆ, ಅವರು ಕೊಡಲೇಬೇಕು. ಮಾಲು ಒಪ್ಪಿಸಿದ ಆರು ತಿಂಗಳೊಳಗೆ ಕ್ಲೇಮಿನ ನೋಟಿಸು. ಅದಾಗಿ ಮೂರು ತಿಂಗಳು ಕಳೆದರೂ ಇತ್ಯರ್ಥವಾಗದಿದ್ದರೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್. ಅದರ ಪೀಠ ಬೆಂಗಳೂರಿನಲ್ಲೇ ಇದೆ. ಮಾಲು ಒಪ್ಪಿಸಿದ ಮೂರು ವರ್ಷದೊಳಗೆ ಹೋಗಬೇಕು.

ವಿದೇಶಕ್ಕೆ ವಿಮಾನದಲ್ಲಿ ಗುಲಾಬಿ, ತರಕಾರಿ ಕಳಿಸುವವರಿಗೆ ಗಡುವು ಇನ್ನೂ ಬಿಗಿ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದೆ. ಅದರ ಪ್ರಕಾರ ಮಾಲು ಕೆಟ್ಟಿದ್ದಕ್ಕೆ 14 ದಿನ, ತಡವಾದದ್ದಕ್ಕೆ 21 ದಿನದೊಳಗೆ ಬರಹದಲ್ಲಿ ದೂರು ಹೋಗಬೇಕು. ತಡವಾಗಿಯೇ ಕೆಟ್ಟ ಹೂವಿಗೆ 14 ದಿನದ ಲೆಕ್ಕ ಹಿಡಿಯುವುದೇ ಕ್ಷೇಮ. ದಾವೆಗೆ ಎರಡು ವರ್ಷ. ಪರಿಹಾರ ತೂಕದ ಲೆಕ್ಕದಲ್ಲಿ ಮಿತಿ. ಅದಕ್ಕಿಂತ ಹೆಚ್ಚು ಬೇಕಾದರೆ ಇಲ್ಲೂ ಅದೇ ಮಾತು, ಕಳಿಸುವಾಗಲೇ ಬೆಲೆ ಬರೆದು ಹೆಚ್ಚಿನ ಶುಲ್ಕ ಕೇಳಿದರೆ ಕಟ್ಟಬೇಕು.

"ಇನ್ಶೂರೆನ್ಸ್ ಮಾಡಿಸಿದ್ದೇನೆ, ನನಗೇನು ಭಯ" ಅನ್ನುವವರು ಇದ್ದೀರಿ. ಸಾಗಣೆಯ ವಿಮೆಗೆ ಅನ್ವಯಿಸುವುದು 1963ರ ಸಾಗರ ವಿಮಾ ಕಾಯ್ದೆಯ ತತ್ವ. ಪಾಲಿಸಿಯಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ತಡದಿಂದ ನೇರವಾಗಿ ಆದ ನಷ್ಟಕ್ಕೆ ವಿಮೆ ಕಂಪನಿ ಹೊಣೆಯಲ್ಲ ಅಂತ ಅದರ 55ನೇ ಕಲಂ ಹೇಳುತ್ತದೆ. ಲಾರಿ ಮಗುಚಿದರೆ ಸಿಗಬಹುದು, ಲಾರಿ ಸುಮ್ಮನೆ ನಿಂತಿದ್ದರೆ ಸಿಗುವುದಿಲ್ಲ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಕೇಳಿ.

ಯಾರೂ ಕೊಡದ ನಷ್ಟ

ಈಗ ನಿಮಗೆ ಹಿಡಿಸದ ಒಂದು ಮಾತು. ಹೇಳದೆ ಹೋದರೆ ತಪ್ಪಾಗುತ್ತದೆ.

ಕೆಲವು ತಡಗಳಿಗೆ ಸಾಗಣೆದಾರ ಹೊಣೆಯಲ್ಲ. ದೈವಾಧೀನದ ಅನಾಹುತ, ಯುದ್ಧ, ಸರ್ಕಾರದ ಆದೇಶ, ಗಲಭೆ. ಇವುಗಳಲ್ಲೂ ಎಚ್ಚರಿಕೆಯಿಂದಿದ್ದರೆ ತಪ್ಪಿಸಬಹುದಿತ್ತು ಅನ್ನುವಂತಿದ್ದರೆ ಮಾತ್ರ ಹೊಣೆ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಬಿತ್ತು. ಅವತ್ತೇ ಯುಗಾದಿ. ಹಬ್ಬಕ್ಕೆಂದು ಬೆಳೆಸಿದ ಹೂವು ಹೊಲದಲ್ಲೇ ಒಣಗಿತು. ಆ ನಷ್ಟವನ್ನು ಯಾವ ಲಾರಿಯವನ ಹತ್ತಿರ ಕೇಳುವುದು?

ಆ ಪಟ್ಟಿಯಲ್ಲಿರುವ "ಗಲಭೆ" ಎಂಬ ಪದ ನಮಗೆ ಸೇರಿದ್ದು. 2016ರ ಸೆಪ್ಟೆಂಬರಿನಲ್ಲಿ ಕಾವೇರಿ ಕಿಚ್ಚು ಹತ್ತಿದಾಗ ಬೆಂಗಳೂರಿನಲ್ಲಿ ಗಾಡಿಗಳು ಉರಿದವು. 2023ರ ಸೆಪ್ಟೆಂಬರ್ 29ರಂದು ಕರ್ನಾಟಕ ಬಂದ್ ಆಯಿತು. ಹೋರಾಟ ತಪ್ಪು ಅಂತ ನಾನು ಹೇಳುತ್ತಿಲ್ಲ, ಆ ಕರಪತ್ರಗಳನ್ನು ಹೊಡೆದವನೇ ನಾನು. ಆದರೆ ರಸ್ತೆಯಲ್ಲಿ ಟೈರು ಸುಟ್ಟ ದಿನ ಹೆದ್ದಾರಿಯಲ್ಲಿ ನಿಂತ ಟೊಮೆಟೊ ಗಾಡಿಯ ನಷ್ಟ ಲಾರಿಯವನದಲ್ಲ, ವಿಮೆಯವನದಲ್ಲ, ದೆಹಲಿಯವರದೂ ಅಲ್ಲ. ಅದು ಕೋಲಾರದ, ಚಿಕ್ಕಬಳ್ಳಾಪುರದ, ಮಂಡ್ಯದ ಕನ್ನಡದ ರೈತನದು. ಅದನ್ನು ವಸೂಲು ಮಾಡುವ ಯಾವ ಕಾಗದವೂ ಇಲ್ಲ. ಹಾಲಿನ ಗಾಡಿ, ಆಂಬುಲೆನ್ಸ್ ಬಿಡುತ್ತೇವಲ್ಲ, ಹಾಗೆಯೇ ಹೂವಿನ ಗಾಡಿ, ತರಕಾರಿ ಗಾಡಿಯನ್ನೂ ಬಿಡೋಣ. ಇಷ್ಟು ಕೇಳುವ ಸಲಿಗೆ ನನಗಿದೆ ಅಂತ ತಿಳಿದಿದ್ದೇನೆ.

ನಿಮ್ಮಿಂದ ಆಗುವ ಕೆಲಸ

ನಿಮ್ಮಲ್ಲಿ ಬಹಳ ಜನ ಊರು ಬಿಟ್ಟು ಬಂದವರು. ಕೆಲವರು ಕೊರಿಯರ್ ಆಫೀಸಿನಲ್ಲಿ, ಕೆಲವರು ಟ್ರಾನ್ಸ್‌ಪೋರ್ಟ್ ಬುಕಿಂಗಿನಲ್ಲಿ, ಕೆಲವರು ಕಂಪ್ಯೂಟರ್ ಕಂಪನಿಯಲ್ಲಿ ಇದ್ದೀರಿ. ಇಂಗ್ಲಿಷ್ ಓದಲು ಬರುತ್ತದೆ. ಊರಿನಲ್ಲಿ ಅಪ್ಪ, ಚಿಕ್ಕಪ್ಪ, ಮಾವ ಈಗಲೂ ಲೋಡು ಹಾಕುತ್ತಾರೆ. ಮುಂದಿನ ಸಲ ಊರಿಗೆ ಹೋದಾಗ ಅವರ ಕೈಯಲ್ಲಿರುವ ರಸೀದಿ ಇಸಕೊಂಡು ಹಿಂದುಗಡೆ ಓದಿ, ಕನ್ನಡದಲ್ಲಿ ಹೇಳಿ. ಒಂದು ಚೀಟಿ ತುಂಬುವುದನ್ನು ಕಲಿಸಿ. 180 ದಿನ ಅನ್ನುವ ಲೆಕ್ಕವನ್ನು ಗೋಡೆ ಕ್ಯಾಲೆಂಡರಿನ ಮೇಲೆ ಗುರುತು ಹಾಕಿ. ಬುಕಿಂಗ್ ಆಫೀಸಿನಲ್ಲಿ ಕೂತಿರುವ ತಮ್ಮಂದಿರು, ಸಹಿ ಹಾಕಿಸುವ ಮೊದಲು ಎರಡು ನಿಮಿಷ ಓದಿ ಹೇಳಿ. ಅದರಿಂದ ನಿಮ್ಮ ಕೆಲಸ ಹೋಗುವುದಿಲ್ಲ.

ನಾನೂ ಒಂದು ನಿಯಮ ಮಾಡಿಕೊಂಡಿದ್ದೇನೆ. ಎಲ್.ಆರ್. ಪುಸ್ತಕ ಹೊಡೆಸಲು ಬಂದವರಿಗೆ ಹಿಂದುಗಡೆಯ ಷರತ್ತನ್ನು ಕನ್ನಡದಲ್ಲೂ ಹಾಕಿಸಿ ಅಂತ ಹೇಳುತ್ತೇನೆ. ಜೋಡಿಸುವ ಕೂಲಿ ತೆಗೆದುಕೊಳ್ಳುವುದಿಲ್ಲ. ಇಬ್ಬರು ಒಪ್ಪಿದ್ದಾರೆ, ಮೂವರು ಬೇರೆ ಪ್ರೆಸ್ಸಿಗೆ ಹೋಗಿದ್ದಾರೆ. ಹೋಗಲಿ. ಚೀಟಿಯ ಪುಸ್ತಕ ಮಾತ್ರ ಯಾರು ಬಂದು ಕೇಳಿದರೂ ಪುಕ್ಕಟೆ. ಕಾಗದದ ದುಡ್ಡೂ ಬೇಡ.

ಹೋದ ದಸರಾಕ್ಕೆ ಭಾವ ಮತ್ತೆ ಹೂವು ಕಳಿಸಿದರು. ಚೀಟಿಗೆ ಬುಕಿಂಗಿನವನು ಸೀಲು ಹಾಕುವಾಗ ಗೊಣಗಿದನಂತೆ. ಗಾಡಿ ಮಾತ್ರ ಬೆಳಗಿನ ಜಾವ ನಾಲ್ಕೂವರೆಗೆ ಮಾರುಕಟ್ಟೆಯಲ್ಲಿತ್ತು.

ಚೀಟಿ ಪುಸ್ತಕ ಹೊರಗೆ ಮೇಜಿನ ಮೇಲಿದೆ. ಒಬ್ಬೊಬ್ಬರೂ ಒಂದೊಂದು ತೆಗೆದುಕೊಂಡು ಹೋಗಿ. ಜೈ ಕರ್ನಾಟಕ.